ಅಕ್ಕನ ಪಾಲು

“ಅಕ್ಕ, ಉಂಡೆಯಾ?” ಎಂದು ಎಪ್ಪತ್ತನಾಲ್ಕು ವರ್ಷದ ಉಲಾಯೋಕ್ ಕೇಳುತ್ತಿದ್ದಳು.

“ಉಂಡೆ ತಂಗಿ, ನೀನು ಉಣ್ಣು,” ಎಂದು ಹದಿನೈದು ವರ್ಷದ ಮೊಮ್ಮಗಳು ಕಿನಾಲಿಕ್ ಹೇಳುತ್ತಿದ್ದಳು.

ಪಕ್ಕದ ಮನೆಯವಳಾದ ನಾನು ಈ ಮಾತನ್ನು ನೂರಾರು ಸಲ ಕೇಳಿದ್ದೇನೆ. ಅದು ಸುಳ್ಳೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೂ ಯಾರೂ ತುಟಿ ಬಿಚ್ಚುತ್ತಿರಲಿಲ್ಲ, ಯಾಕೆಂದರೆ ಆ ಸುಳ್ಳನ್ನು ಅವಳಿಗೆ ಕಲಿಸಿದವರು ನಾವೇ.

ಉತ್ತರದ ಹಿಮನಾಡಿನ ನಮ್ಮ ಜನರಲ್ಲಿ ಸತ್ತವರ ಹೆಸರನ್ನು ಹುಟ್ಟಿದ ಮಗುವಿಗೆ ಇಟ್ಟರೆ ಸತ್ತವರು ಮನೆಗೆ ವಾಪಸು ಬಂದ ಹಾಗೆ. ಹೆಸರಿನ ಹಿಂದೆಯೇ ನಂಟೂ ಬರುತ್ತದೆ. ಉಲಾಯೋಕಳ ಅಕ್ಕ ಕಿನಾಲಿಕ್ ಹನ್ನೊಂದನೇ ವಯಸ್ಸಿಗೇ ಸತ್ತಿದ್ದಳು. ಆ ಹೆಸರು ಮೊಮ್ಮಗಳಿಗೆ ಬಂದದ್ದರಿಂದ ಅಜ್ಜಿಗೆ ಮೊಮ್ಮಗಳು ಅಕ್ಕನಾದಳು. ಹುಡುಗಿಯನ್ನು ಹೆತ್ತ ತಾಯಿ, ಉಲಾಯೋಕಳ ಮಗಳು ಎಲಿಸಾಪಿ, ಅವಳನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದಳು. ಆರು ವರ್ಷದ ಕಿರಿಮಗಳು ಪಮಿಯೋಕಳದ್ದು ಎಲಿಸಾಪಿಯ ತೀರಿಹೋದ ಮಾವನ ಹೆಸರು, ನಮ್ಮಲ್ಲಿ ಹೆಸರಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಹೀಗಾಗಿ “ಮಾವ, ಮೂಗು ಒರೆಸ್ಕೊಳ್ಳಿ, ಶಾಲೆಗೆ ಹೊತ್ತಾಯ್ತು” ಎಂದು ಅವಳು ಕೂಗುವುದು ದಿನಾ ಬೆಳಿಗ್ಗೆ ನಮ್ಮನೆಗೂ ಕೇಳುತ್ತಿತ್ತು. ಇದರಲ್ಲಿ ನಗುವಂಥದ್ದೇನೂ ಇಲ್ಲ, ನಗು ಬಂದರೆ ನಕ್ಕರೂ ತಪ್ಪಿಲ್ಲ. ಆದರೆ ಹಿರಿಯರ ಹೆಸರು ಹೊತ್ತ ಮಗುವನ್ನು ಗದರುವಂತಿಲ್ಲ, ಹೀಗೆ ಮಾಡು ಹಾಗೆ ಮಾಡು ಎಂದು ಅಪ್ಪಣೆ ಕೊಡುವಂತಿಲ್ಲ. ಹಿರಿಯರಿಗೆ ಯಾರಾದರೂ ಹಾಗೆ ಹೇಳುತ್ತಾರೆಯೇ?

ಅಕ್ಕ ಸತ್ತ ಚಳಿಗಾಲದ ಕತೆ ಊರಿಗೆಲ್ಲ ಬಾಯಿಪಾಠ. ನಾವಿನ್ನೂ ಕೊಲ್ಲಿಯ ದಡಕ್ಕೆ ಬಂದು ಊರು ಮಾಡಿಕೊಂಡಿರಲಿಲ್ಲ, ಒಳನಾಡಿನ ಸರೋವರಗಳ ಹತ್ತಿರ ಮಂಜಿನ ಮನೆಗಳಲ್ಲಿದ್ದ ಕಾಲ. ಆ ವರ್ಷ ಕ್ಯಾರಿಬೂ ಜಿಂಕೆಗಳ ಹಿಂಡು ಬೇರೆ ದಾರಿ ಹಿಡಿಯಿತು. ಮೊದಲು ನಾಯಿಗಳು ಸತ್ತವು, ಆಮೇಲೆ ಮುದುಕರು. ಉಲಾಯೋಕಳ ಅಪ್ಪ ಸಹಾಯ ಹುಡುಕಿಕೊಂಡು ನಡೆದುಹೋದ. ಅಮ್ಮ ಏಳಲಾರದೆ ಮಲಗಿದಳು. ಅಕ್ಕತಂಗಿಯರಿಗೆ ಉಳಿದದ್ದು ಬೇಯಿಸಿದ ಚರ್ಮದ ಎರಡು ತುಂಡು. “ಅಕ್ಕ ತನ್ನ ಪಾಲನ್ನ ನಂಗೆ ಕೊಟ್ಟಳು. ನಂದಾಯ್ತು, ನೀನು ಉಣ್ಣು ಅಂದಳು. ಮಂಜುಗಡ್ಡೆ ಅಗೀತಾ ಮಲಗಿದವಳು ಏಳಲೇ ಇಲ್ಲ,” ಎಂದು ಉಲಾಯೋಕ್ ಹೇಳುತ್ತಿದ್ದಳು. ಮೂರನೇ ದಿನ ಸಹಾಯದ ವಿಮಾನ ಬಂತಂತೆ. ಪ್ರತಿ ವರ್ಷ ಅವಳು ಶಾಲೆಗೆ ಬಂದು ಮಕ್ಕಳಿಗೆ ಇದನ್ನು ಹೇಳುವಾಗ ಮುಂದಿನ ಸಾಲಿನಲ್ಲಿ ಕಿನಾಲಿಕ್ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿರುತ್ತಿದ್ದಳು. ಅದು ಅವಳ ಕತೆ ತಾನೇ.

ನಾಲ್ಕು ವರ್ಷದವಳಿದ್ದಾಗ ಒಮ್ಮೆ ಆ ಮಗು ಅರ್ಧ ತಿಂದ ಬಿಸ್ಕತ್ತನ್ನು ಅಜ್ಜಿಯ ಬಾಯಿಗಿಟ್ಟಿತು. ಎಲ್ಲ ಮಕ್ಕಳೂ ಮಾಡುವಂಥದ್ದೇ. ಉಲಾಯೋಕ್ ಗಳಗಳನೆ ಅತ್ತುಬಿಟ್ಟಳು. “ನೋಡಿ, ಬಂದಿದ್ದಾಳೆ. ಇನ್ನೂ ಕೊಡ್ತಾನೇ ಇದ್ದಾಳೆ,” ಎಂದಳು. ಅಲ್ಲಿದ್ದವರೆಲ್ಲ ಮಗುವನ್ನು ಎತ್ತಿ ಮುದ್ದಾಡಿದೆವು. ನಾನೂ ಮುದ್ದಾಡಿದೆ. ಆಮೇಲೆ ಅವಳು ಕೊಟ್ಟಾಗಲೆಲ್ಲ ಮುದ್ದಾಡುತ್ತಲೇ ಹೋದೆವು.

ಈ ಚಳಿಗಾಲ ಆ ಮನೆಗೆ ಬಿಗಿಯಾಗಿತ್ತು. ಎಲಿಸಾಪಿ ಅಂಗಡಿಯಲ್ಲಿ ಗಲ್ಲಾದ ಮುಂದೆ ಕೂರುವವಳು. ಊರವರ ಆಹಾರವನ್ನೆಲ್ಲ ಚೀಲಕ್ಕೆ ತುಂಬಿ ಕೊಟ್ಟು, ತಾನು ನೂಡಲ್ಸ್ ಪೊಟ್ಟಣ ಮತ್ತು ಮೈದಾ ಹಿಡಿದು ಮನೆಗೆ ಬರುತ್ತಿದ್ದಳು. ಹೊಸ ವರ್ಷ ಕಳೆದ ಮೇಲೆ ಅವಳ ಕೆಲಸದ ಹೊತ್ತನ್ನೂ ಅರ್ಧಕ್ಕಿಳಿಸಿದರು. ಗಂಡ ಬೇರೆ ಊರಲ್ಲಿ ಬೇರೆ ಸಂಸಾರ ಹೂಡಿದ್ದ. ನಮ್ಮೂರ ಅಂಗಡಿಯಲ್ಲಿ ಒಂದು ಎಲೆಕೋಸನ್ನೂ ಎತ್ತಿ ನೋಡಿ, ಇಟ್ಟು, ಮತ್ತೆ ಎತ್ತಿ ನೋಡಿಯೇ ಕೊಳ್ಳಬೇಕು, ಇನ್ನು ಮಾಂಸದ ಮಾತೆಲ್ಲಿ. ಮನೆಗೆ ಮಾಂಸ ಬರಬೇಕಾದ್ದು ಎಲಿಸಾಪಿಯ ತಮ್ಮ ಸಿಮಿಯೋನನಿಂದ. ಅವನೂ ಅದೇ ಮನೆಯಲ್ಲಿ ಸೋಫಾದ ಮೇಲೆ ಮಲಗುತ್ತಿದ್ದ. ಬೇಟೆಯಲ್ಲಿ ಗಟ್ಟಿಗ. ಆದರೆ ಪೆಟ್ರೋಲು, ತೋಟಾ, ಮಂಜಿನ ಮೇಲೋಡುವ ಗಾಡಿಯ ರಿಪೇರಿ ಇವೆಲ್ಲ ಪುಕ್ಕಟೆ ಬರುವುದಿಲ್ಲವಲ್ಲ. ಹೊಡೆದ ಪ್ರಾಣಿಯ ಚಿತ್ರವನ್ನು ಫೋನಿನಲ್ಲಿ ಹಾಕುತ್ತಿದ್ದ. ಕ್ಯಾರಿಬೂ ಸಿಗದ ದೂರದ ದ್ವೀಪದವರು ಕೊಳ್ಳುತ್ತಿದ್ದರು. ನಮ್ಮ ಜಿಂಕೆ ವಿಮಾನ ಹತ್ತಿ ಹೋಗುತ್ತಿತ್ತು.

“ಮೂರು ಹೊಡೆದೆಯಂತೆ. ಮನೆಗೆ ಬಂದಿದ್ದು ಒಂದು ಮುಂಗಾಲು,” ಎಂದಳು ಎಲಿಸಾಪಿ, ಒಂದು ಸಂಜೆ ಸಾರು ಬಡಿಸುತ್ತಾ. ನಾನು ಉಪ್ಪು ಕೇಳಲು ಹೋದವಳು ಅಲ್ಲೇ ಚಹಾಕ್ಕೆ ಕೂತಿದ್ದೆ.

“ಉಳಿದಿದ್ದು ಪೆಟ್ರೋಲಾಯ್ತು. ಪೆಟ್ರೋಲ್ ಇಲ್ದಿದ್ರೆ ಆ ಮುಂಗಾಲೂ ಬರ್ತಿರ್ಲಿಲ್ಲ,” ಎಂದ ಸಿಮಿಯೋನ್.

“ಲಿವರ್ ಎಲ್ಲಿ? ನಾಲಿಗೆ ಎಲ್ಲಿ?”

“ಇಡೀ ಪ್ರಾಣಿನೇ ಬೇಕು ಅಂದ್ರು. ಒಳಗಿಂದು ತೆಗೆದಿಟ್ಕೊಂಡ್ರೆ ಕಡಿಮೆ ಕೊಡ್ತಾರೆ.”

“ಹೌದಪ್ಪ. ಅವರ ಮಕ್ಕಳಿಗೆ ಲಿವರ್, ನಮ್ಮನೆ ಮಕ್ಕಳಿಗೆ ನೂಡಲ್ಸ್ ನೀರು.”

“ಹಾಗಾದ್ರೆ ನಾಳೆಯಿಂದ ನೀನು ಹೋಗು ಬೇಟೆಗೆ. ನಾನು ಗಲ್ಲಾದಲ್ಲಿ ಕೂರ್ತೀನಿ, ಬೆಚ್ಚಗಾದ್ರೂ ಇರುತ್ತೆ.”

“ಜಗಳ ಬೇಡ, ನಂಗೆ ಹಸಿವಿಲ್ಲ,” ಎಂದು ಕಿನಾಲಿಕ್ ತನ್ನ ತಟ್ಟೆಯ ಮಾಂಸವನ್ನು ಅರ್ಧ ಪಮಿಯೋಕಳಿಗೆ, ಅರ್ಧ ಅಜ್ಜಿಗೆ ಹಾಕಿದಳು. ಜಗಳ ಅಲ್ಲಿಗೇ ನಿಂತಿತು. “ದೊಡ್ಡಮ್ಮ ಅಂದ್ರೆ ದೊಡ್ಡಮ್ಮಾನೇ,” ಎಂದ ಸಿಮಿಯೋನ್. ಹುಡುಗಿಯ ಮುಖದಲ್ಲಿ ಒಂದು ಕಳೆ ಬಂತು. ಆ ಮನೆಯಲ್ಲಿ ಅವಳಿಗೆ ಹೊಟ್ಟೆ ತುಂಬ ಸಿಗುತ್ತಿದ್ದದ್ದು ಆ ಹೊಗಳಿಕೆಯೊಂದೇ.

ನಾನು ಶಾಲೆಯಲ್ಲಿ ಬೆಳಗಿನ ಗಂಜಿ ಬಡಿಸುವವಳು. ಕಿನಾಲಿಕ್ ಬಟ್ಟಲು ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದಳು, ಹಾಕಿಸಿಕೊಂಡು ನೇರ ಚಿಕ್ಕ ಮಕ್ಕಳ ಮೇಜಿಗೆ ಹೋಗಿ ಪಮಿಯೋಕಳ ಬಟ್ಟಲಿಗೆ ಸುರಿಯುತ್ತಿದ್ದಳು.

“ನಿನಗೆ?” ಎಂದು ಒಮ್ಮೆ ಕೇಳಿದೆ.

“ನಂಗೆ ಬೆಳಿಗ್ಗೆ ಸೇರಲ್ಲ, ಮಾರ್ಥಾ ಅತ್ತೆ.”

ಆಮೇಲೆ ಹೊರಗೆ ಹೋಗಿ ಲೋಟದ ತುಂಬ ಮಂಜುಗಡ್ಡೆಯ ಚೂರು ತುಂಬಿಕೊಂಡು ಬರುತ್ತಿದ್ದಳು. ದಿನವಿಡೀ ಅದನ್ನು ಕಟಕಟ ಅಗಿಯುತ್ತಿದ್ದಳು. ಪಾಠದ ಮಧ್ಯೆ ಸದ್ದು ತಡೆಯಲಾರದೆ ಮೇಷ್ಟರು ಎರಡು ಸಲ ಹೊರಗೆ ಕಳಿಸಿದರು. ಮೂರನೇ ಸಲ ಅವಳೇ ಹೋದಳು, ಇನ್ನಷ್ಟು ಗಡ್ಡೆ ತರಲು.

ಉಲಾಯೋಕಳಿಗೆ ಮಾತ್ರ ಆ ಸದ್ದೆಂದರೆ ಜೀವ. “ಕೇಳಿಸ್ತಾ ಮಾರ್ಥಾ? ಅಕ್ಕನೂ ಹೀಗೇ ಅಗೀತಿದ್ದಳು. ಹಲ್ಲು ಗಟ್ಟಿ ಅವಳದು,” ಎನ್ನುತ್ತಿದ್ದಳು. ಹುಡುಗಿ ಮಧ್ಯಾಹ್ನ ಶಾಲೆಯಿಂದ ಬಂದು ಕೋಟು ತೆಗೆಯದೆ ನೆಲದ ಮೇಲೆ ಮಲಗಿಬಿಟ್ಟರೆ, “ಅಕ್ಕನಿಗೂ ನಿದ್ದೆ ಜಾಸ್ತಿ.” ಕೈಕಾಲು ತಣ್ಣಗಿದ್ದರೆ, “ಅಕ್ಕನ ಕೈ ಯಾವಾಗ್ಲೂ ತಣ್ಣಗೆ.” ಶಾಲೆಯ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ನಿಂತು ಉಸಿರೆಳೆದುಕೊಳ್ಳುತ್ತಿದ್ದುದನ್ನು ನಾನೇ ಕಂಡಿದ್ದೆ. ಉಗುರುಗಳು ಒಳಕ್ಕೆ ಬಾಗಿ ಚಮಚದಂತಾಗಿದ್ದವು. ಬಾಚಣಿಗೆಯಲ್ಲಿ ಹಿಡಿ ಕೂದಲು ಬರುತ್ತಿತ್ತು. ಹೆಸರು ಇಷ್ಟು ಗಟ್ಟಿಯಾಗಿ ಮರಳಿ ಬಂದಿದೆಯಲ್ಲ ಎಂದು ನಾವು ಬೆರಗಾದೆವು. ಸತ್ತವಳು ಹೇಗೆ ಸತ್ತಳೆಂಬುದು ಮಾತ್ರ ನಮ್ಮಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಫೆಬ್ರವರಿಯಲ್ಲಿ ಸಿಮಿಯೋನನ ಗಾಡಿಯ ಎಂಜಿನ್ ಕೈಕೊಟ್ಟಿತು. ಇದ್ದ ಮುಂಗಾಲೂ ಇಲ್ಲವಾಯಿತು. ಮೂರು ವಾರ ಆ ಮನೆಯಲ್ಲಿ ಮೈದಾ ರೊಟ್ಟಿ, ಚಹಾ, ನೂಡಲ್ಸ್ ಬಿಟ್ಟರೆ ಬೇರೆ ಏನೂ ಬೇಯಲಿಲ್ಲ. ನಮ್ಮನೆಯಿಂದ ಎರಡು ಸಲ ಮೀನು ಕಳಿಸಿದೆ. ಅದೂ ಯಾರ ಹೊಟ್ಟೆ ಸೇರಿತೆಂದು ನಾನು ಹೇಳಬೇಕಿಲ್ಲ.

ಮಾರ್ಚ್ ಮೊದಲ ವಾರ ಶಾಲೆಯಲ್ಲಿ ವಾಲಿಬಾಲ್ ಆಡುವಾಗ ಕಿನಾಲಿಕ್ ಚೆಂಡಿಗೆ ಕೈ ಎತ್ತಿದವಳು ಹಾಗೇ ಕುಸಿದಳು. ನಾನೂ ಎಲಿಸಾಪಿಯೂ ಅವಳನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆವು. ಉಲಾಯೋಕ್ ಬೇಡವೆಂದರೂ ಕೋಲೂರಿಕೊಂಡು ಹಿಂದೆಯೇ ಬಂದಳು. ನರ್ಸು ದಕ್ಷಿಣದವಳು, ನಮ್ಮೂರಿಗೆ ಹೊಸಬಳು. ರಕ್ತ ತೆಗೆದು ನೋಡಿ ಇನ್ನೊಮ್ಮೆ ತೆಗೆದಳು.

“ಈ ವಯಸ್ಸಿಗೆ ಲೀಟರ್ ರಕ್ತಕ್ಕೆ ಹಿಮೋಗ್ಲೋಬಿನ್ ನೂರಿಪ್ಪತ್ತು ಗ್ರಾಂ ಇರಬೇಕು. ಎಪ್ಪತ್ತೆರಡು ಇದೆ,” ಎಂದಳು. “ಇವಳು ಐಸ್ ಅಗೀತಾಳಾ?”

ನಾವು ಮುಖ ಮುಖ ನೋಡಿಕೊಂಡೆವು. ಹೊರಗಿನವಳಿಗೆ ಅದು ಹೇಗೆ ಗೊತ್ತಾಯಿತು?

“ಅಗೀತಾಳೆ. ಅದು ಹೆಸರಿಂದ ಬಂದಿದ್ದು,” ಎಂದಳು ಎಲಿಸಾಪಿ.

“ಅದು ಕಬ್ಬಿಣ ಇಲ್ಲದ್ದರಿಂದ ಬಂದಿದ್ದು. ರಕ್ತದಲ್ಲಿ ಕಬ್ಬಿಣ ತೀರಾ ಇಳಿದಾಗ ಕೆಲವರಿಗೆ ಐಸ್ ಅಗಿಯೋ ಚಟ ಹತ್ತುತ್ತೆ. ನಿದ್ದೆ, ಸುಸ್ತು, ಉಗುರು, ಕೂದಲು, ಎಲ್ಲ ಅದೇ. ಎಷ್ಟು ದಿನದಿಂದ ಇವಳು ಸರಿಯಾಗಿ ಉಂಡಿಲ್ಲ?”

ನರ್ಸು ಮಾತ್ರೆಯ ಡಬ್ಬಿ ಕೊಟ್ಟಳು. ಬರೀ ಮಾತ್ರೆಯಿಂದ ಆಗಲ್ಲ, ಮಾಂಸ, ಅದರಲ್ಲೂ ಲಿವರ್ ತಿನ್ನಿಸಿ ಎಂದಳು. ಮೂರು ವಾರ ಬಿಟ್ಟು ಮತ್ತೆ ನೋಡುವುದು, ಎಪ್ಪತ್ತಕ್ಕಿಂತ ಇಳಿದರೆ ವಿಮಾನದಲ್ಲಿ ದಕ್ಷಿಣದ ದೊಡ್ಡ ಆಸ್ಪತ್ರೆಗೆ ಕಳಿಸಿ ರಕ್ತ ಹಾಕಿಸುವುದು. ಎದೆ ಎಷ್ಟು ದಿನ ಈ ಭಾರ ಎಳೆಯುತ್ತದೋ ಹೇಳಲಾಗದು ಎಂದೂ ಸೇರಿಸಿದಳು.

ನಾನು ಉಲಾಯೋಕಳ ಕಡೆ ನೋಡಿದೆ. ಅವಳು ಗೋಡೆ ಹಿಡಿದು ಕೂತಿದ್ದಳು. “ಉಂಡಿದ್ದೀನಿ ಅಂತಿದ್ದಳಲ್ಲ,” ಎಂದಳು, ಯಾರಿಗೆಂದು ಗೊತ್ತಾಗಲಿಲ್ಲ.

ಆ ದಿನದಿಂದ ಅವಳಿಗೆ ಆ ಕಟಕಟ ಸದ್ದು ಸಹಿಸಲಾಗದಾಯಿತು. ಹುಡುಗಿ ಲೋಟ ಹಿಡಿದು ಕೂತರೆ ಅಜ್ಜಿ ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. “ಅಲ್ಲಿ ಏನು ಮಾಡ್ತಿದ್ದೀಯಮ್ಮಾ?” ಎಂದು ಎಲಿಸಾಪಿ ಬಾಗಿಲು ತಟ್ಟಿದರೆ, “ಅವಳು ಹುಡುಕ್ತಾ ಇದ್ದಾಳೆ,” ಎಂದಷ್ಟೇ ಉತ್ತರ ಬರುತ್ತಿತ್ತು. ಎಲಿಸಾಪಿ ನನ್ನ ಹತ್ತಿರ ಬಂದು, ಅಮ್ಮನಿಗೆ ಅರಳುಮರಳು ಶುರುವಾಯಿತೇನೋ ಎಂದು ಅತ್ತಳು.

ಎಲಿಸಾಪಿ ವಾರದ ದುಡ್ಡಿನಲ್ಲಿ ಅಂಗಡಿಯಿಂದ ದನದ ಮಾಂಸ ತಂದಳು. ಒಂದು ಅಂಗೈಯಷ್ಟು. ಅದನ್ನು ಹುರಿದು ಕಿನಾಲಿಕಳ ತಟ್ಟೆಗೆ ಹಾಕಿ ಎದುರಿಗೇ ಕೂತಳು. ಅಂದಿನ ಮಾತೆಲ್ಲ ಆಮೇಲೆ ಅವಳೇ ನನಗೆ ಹೇಳಿದ್ದು.

“ತಿನ್ನಿ ದೊಡ್ಡಮ್ಮ.”

“ತಿಂತೀನಿ,” ಎಂದ ಹುಡುಗಿ ಒಂದು ಚೂರು ಬಾಯಿಗಿಟ್ಟು, ಉಳಿದದ್ದನ್ನು ಪಮಿಯೋಕಳ ಕಡೆ ಸರಿಸಿದಳು. ಆ ಕೂಸು ಕೈಚಾಚಿತು.

ಎಲಿಸಾಪಿ ಆ ಕೈಗೆ ಪಟ್ಟನೆ ಹೊಡೆದಳು. ಮಾವನ ಹೆಸರಿನ ಮಗುವಿಗೆ ಅವಳು ಹೊಡೆದದ್ದು ಅದೇ ಮೊದಲು. ಪಮಿಯೋಕ್ ಅಳುವುದನ್ನೂ ಮರೆತು ನೋಡಿತು.

“ಅವಳಿಗೆ ಯಾಕೆ ಹೊಡೀತೀಯ? ನಾನು ಕೊಟ್ಟೆ,” ಎಂದಳು ಕಿನಾಲಿಕ್.

“ಕೊಡ್ಬೇಡ. ತಿನ್ನು.”

“ನಾನು ಹಿರಿಯಳು. ಚಿಕ್ಕವರು ಮೊದಲು ಉಣ್ಬೇಕು.”

“ನೀನು ಹಿರಿಯಳಲ್ಲ, ಕಿನಾಲಿಕ್. ನಿನಗೆ ಹದಿನೈದು ವರ್ಷ. ನಾನು ಹೆತ್ತಿದ್ದು ನಿನ್ನ.”

ಹೆಸರು ಹಿಡಿದು ಕರೆದದ್ದು ಕೇಳಿ ಮನೆ ತಣ್ಣಗಾಯಿತು. ಎಲಿಸಾಪಿ ತಾಯಿಯ ಕಡೆ ತಿರುಗಿದಳು. “ನೀನಾದ್ರೂ ಹೇಳಮ್ಮ. ನೀನು ಹೇಳಿದ್ರೆ ಕೇಳ್ತಾಳೆ.”

“ಅಕ್ಕನಿಗೆ ನಾನು ಹೇಗೆ ಹೇಳ್ಲಿ,” ಎಂದಳು ಉಲಾಯೋಕ್, ತಲೆ ತಗ್ಗಿಸಿ.

“ಹಾಗಾದ್ರೆ ಕೇಳು. ನಿನ್ನ ಅಕ್ಕ ನನ್ನ ಮಗಳನ್ನ ತಿಂತಾ ಇದ್ದಾಳೆ. ನೀನು ನೋಡ್ತಾ ಕೂತಿದ್ದೀಯ.”

ಸತ್ತವರ ಬಗ್ಗೆ ನಮ್ಮಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ಸಿಮಿಯೋನ್ ಎದ್ದು ಕೋಟು ಹಾಕಿಕೊಂಡು ಹೊರಟುಹೋದ. ಕಿನಾಲಿಕ್ ತಟ್ಟೆ ಮುಟ್ಟಲಿಲ್ಲ. ಮಾಂಸ ಆರಿ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತು.

ಸಿಮಿಯೋನ್ ಬಂದದ್ದು ನಮ್ಮನೆಗೆ. ನನ್ನ ಗಂಡನ ಗಾಡಿ ಕೇಳಿದ. “ಈ ಸಲ ಫೋನಿಗೆ ಹಾಕಲ್ಲ ಮಾರ್ಥಾ,” ಎಂದು, ನಾನು ಕೇಳದೆಯೇ ಹೇಳಿದ. ಮರುದಿನ ಬೆಳಕು ಹರಿಯುವಾಗ ಪಶ್ಚಿಮಕ್ಕೆ ಹೋದ. ಒಂದು ದಿನ, ಎರಡು ದಿನ, ಮೂರು ದಿನ ಸುದ್ದಿಯಿಲ್ಲ. ಗಾಳಿ ಎದ್ದಿತ್ತು. ಉಲಾಯೋಕ್ ಕಿಟಕಿ ಬಿಟ್ಟು ಕದಲಲಿಲ್ಲ. ಅವಳಿಗೆ ಮಗ ಕಾಣಿಸುತ್ತಿದ್ದನೋ, ನಡೆದುಹೋಗಿ ಬರದೇ ಹೋದ ಅಪ್ಪ ಕಾಣಿಸುತ್ತಿದ್ದನೋ. ಕಿನಾಲಿಕ್ ಅವಳ ಪಕ್ಕದಲ್ಲೇ ಮಲಗಿರುತ್ತಿದ್ದಳು. ತುಟಿ ಬಿಳಿಚಿಕೊಂಡಿತ್ತು. ನಾನು ಹೋದಾಗಲೆಲ್ಲ ಮೊದಲು ಅವಳ ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತಿದ್ದೆ.

ನಾಲ್ಕನೇ ದಿನ ಮಧ್ಯಾಹ್ನ ಊರ ರೇಡಿಯೋದಲ್ಲಿ ಎಲಿಸಾಪಿಯ ದನಿ ಬಂತು. “ಸಿಮಿಯೋನ್ ಬಂದಿದ್ದಾನೆ. ಎರಡು ಕ್ಯಾರಿಬೂ. ಬಂದು ಉಣ್ಣಿ.”

ಅಡುಗೆಮನೆಯ ನೆಲಕ್ಕೆ ರಟ್ಟು ಹಾಸಿ ಮಾಂಸ ಹರಡಿದ್ದರು. ಸುತ್ತ ಕೂತವರು ಆರೇಳು ಜನ. ಸಿಮಿಯೋನನ ಕೆನ್ನೆ ಚಳಿಗೆ ಸುಟ್ಟು ಕಪ್ಪಾಗಿತ್ತು. ಅವನು ಲಿವರನ್ನು ಎರಡೂ ಕೈಯಲ್ಲಿ ಎತ್ತಿ ಕಿನಾಲಿಕಳ ಮುಂದಿಟ್ಟ. “ಮೊದಲು ದೊಡ್ಡಮ್ಮನಿಗೆ,” ಎಂದ. ಎಲ್ಲರೂ ಕಾದು ಕೂತರು. ಹಸಿ ಲಿವರನ್ನು ನಾವು ಹಾಗೆಯೇ ತಿನ್ನುವವರು, ಆ ವಾಸನೆಗೆ ನನ್ನ ಬಾಯಲ್ಲೇ ನೀರೂರಿತ್ತು.

ಹುಡುಗಿ ಅರ್ಧಚಂದ್ರದ ಉಲು ಕತ್ತಿ ತೆಗೆದುಕೊಂಡು ಲಿವರನ್ನು ಚೆನ್ನಾಗಿ ಹೆಚ್ಚಿದಳು. ಒಂದು ತುಂಡು ಪಮಿಯೋಕಳಿಗೆ. ಒಂದು ಸಿಮಿಯೋನನಿಗೆ. ಒಂದು ನನಗೆ. ದೊಡ್ಡದೊಂದನ್ನು ಅಜ್ಜಿಯ ಅಂಗೈಯಲ್ಲಿಟ್ಟಳು. “ಉಣ್ಣು ತಂಗಿ. ನಂದಾಯ್ತು,” ಎಂದಳು.

ಎಲಿಸಾಪಿ ಮುಖ ಮುಚ್ಚಿಕೊಂಡಳು.

ಉಲಾಯೋಕ್ ಅಂಗೈಯನ್ನೇ ನೋಡುತ್ತಾ ಕೂತಳು. ರಕ್ತ ಬೆರಳ ಸಂದಿಯಿಂದ ರಟ್ಟಿನ ಮೇಲೆ ತೊಟ್ಟಿಕ್ಕಿತು.

“ನೀನು ಕೊಡ್ಲಿಲ್ಲ,” ಎಂದಳು.

“ಈಗ ಕೊಟ್ಟೆನಲ್ಲ ತಂಗಿ.”

“ಈಗಲ್ಲ. ಆವಾಗ. ನೀನು ನಂಗೆ ಕೊಡ್ಲೇ ಇಲ್ಲ, ಅಕ್ಕ. ಕೊಟ್ಟೆ ಅಂತ ನಾನು ಹೇಳ್ತಾ ಬಂದೆ.”

ಸಿಮಿಯೋನ್ ತನ್ನ ತುಂಡನ್ನು ರಟ್ಟಿನ ಮೇಲೆ ವಾಪಸಿಟ್ಟ.

“ನಿನಗೆ ಕೊಡೋ ಬುದ್ಧಿ ಎಲ್ಲಿತ್ತು? ಒಂದು ಮೀನಿನ ಕಣ್ಣಿಗೋಸ್ಕರ ನನ್ನ ಕೈ ಕಚ್ಚಿದವಳು ನೀನು. ನಿನ್ನ ಪಾಲನ್ನ ಕೋಟಿನ ತೋಳೊಳಗೆ ಬಚ್ಚಿಟ್ಕೊಂಡು ಮಲಗಿದ್ದೆ, ಮೆತ್ತಗಾಗ್ಲಿ ಅಂತ. ನಾನು ನಂದನ್ನ ಉಂಡಾಗಿತ್ತು. ನಿನ್ನ ತೋಳೊಳಗೆ ಕೈ ಹಾಕಿ ತಗೊಂಡೆ. ಅಮ್ಮನಿಗೂ ಗೊತ್ತಾಗ್ಲಿಲ್ಲ.” ಅವಳು ಉಸಿರೆಳೆದುಕೊಂಡಳು. “ನೀನು ಎದ್ದು ಹುಡುಕಿದೆ. ಚರ್ಮದ ಹೊದಿಕೆ ಎಲ್ಲ ಕೊಡವಿ ಹುಡುಕಿದೆ. ನನ್ನ ಪಾಲೆಲ್ಲಿ ಅಂತ ಕೇಳಿದೆ. ನೀನೇ ಉಂಡೆ, ಮರೆತಿದ್ದೀಯ ಅಂದೆ ನಾನು. ಹೌದಾ, ಉಂಡೆನಾ ಅಂತ ನೀನು ಕೇಳಿದೆ. ಉಂಡೆ ಅಂದೆ ನಾನು. ನೀನು ನಂಬಿದೆ.”

“ಅಮ್ಮಾ,” ಎಂದಳು ಎಲಿಸಾಪಿ, ಬಹಳ ಮೆಲ್ಲಗೆ.

“ಆಮೇಲೆ ನೀನು ಗೋಡೆಯಿಂದ ಮಂಜುಗಡ್ಡೆ ಕೆರೆದು ಅಗೀತಾ ಮಲಗಿದೆ. ನಂಗೆ ಕೇಳಿಸ್ತಾ ಇತ್ತು. ಕೇಳಿಸೋದು ನಿಂತಿದ್ದೂ ಕೇಳಿಸ್ತು.” ಮುದುಕಿ ಅಂಗೈಯ ತುಂಡನ್ನು ಮೊಮ್ಮಗಳ ಕಡೆ ಚಾಚಿದಳು. “ಇದು ನಿಂದು.”

ಕಿನಾಲಿಕ್ ಅದನ್ನು ತೆಗೆದುಕೊಳ್ಳಲಿಲ್ಲ. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಹುಟ್ಟಿದಾಗಿನಿಂದ ಅವಳಿಗೆ ನಾವು ಉಣಿಸಿದ್ದು ಆ ಕತೆಯನ್ನೇ, ಈಗ ಅದನ್ನೂ ಬಾಯಿಂದ ಕಿತ್ತುಕೊಂಡಂತಾಯಿತು.

“ಹಾಗಾದ್ರೆ ನಾನು ಯಾಕೆ ಕೊಟ್ಟೆ?” ಎಂದು ಕೇಳಿದಳು. ನಮ್ಮೆಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. ನನ್ನನ್ನೂ ನೋಡಿದಳು. “ಇಷ್ಟು ವರ್ಷ ನಾನು ಯಾಕೆ ಕೊಟ್ಟೆ?”

ಪಮಿಯೋಕ್ ತನ್ನ ತುಂಡನ್ನು ಮೆಲ್ಲಗೆ ಬೆನ್ನ ಹಿಂದೆ ಅಡಗಿಸಿಕೊಂಡಿತು.

ಆಗ ಹುಡುಗಿ ಅಜ್ಜಿಯ ಕೈಯಿಂದ ಲಿವರ್ ಕಿತ್ತುಕೊಂಡಳು. ಕತ್ತಿಯನ್ನೂ ಮುಟ್ಟದೆ ಹಲ್ಲಿನಿಂದಲೇ ಹರಿದು ನುಂಗಿದಳು. ರಟ್ಟಿನ ಮೇಲಿದ್ದ ಮತ್ತೊಂದು ತುಂಡು ತೆಗೆದುಕೊಂಡಳು, ಆಮೇಲೆ ಮತ್ತೊಂದು. ಅಳುತ್ತಾ ತಿಂದಳು. ಗಂಟಲಿಗೆ ಸಿಕ್ಕಿ ಕೆಮ್ಮಿದಾಗ ಎಲಿಸಾಪಿ ಬೆನ್ನು ಸವರಲು ಹೋದರೆ ಕೈ ತಳ್ಳಿದಳು. ನಾನು ಹನ್ನೆರಡು ವರ್ಷದಿಂದ ಮಕ್ಕಳಿಗೆ ಗಂಜಿ ಬಡಿಸುತ್ತಿದ್ದೇನೆ, ಯಾರೂ ಹಾಗೆ ಉಂಡದ್ದನ್ನು ನೋಡಿಲ್ಲ. ನಾವ್ಯಾರೂ ಮಾಂಸ ಮುಟ್ಟಲಿಲ್ಲ. ಉಲಾಯೋಕ್ ಒಂದೊಂದೇ ತುಂಡು ಹೆಚ್ಚಿ ಮುಂದೆ ಸರಿಸುತ್ತಿದ್ದಳು.

ಬಹಳ ಹೊತ್ತಿನ ಮೇಲೆ ಹುಡುಗಿ ತೋಳಿನಿಂದ ಬಾಯಿ ಒರೆಸಿಕೊಂಡು ತಲೆಯೆತ್ತಿದಳು.

“ಯಾಕೆ ತಗೊಂಡೆ, ತಂಗಿ?”

“ಹಸಿವಾಗಿತ್ತು, ಅಕ್ಕ.”

“ನಂಗೂ ಆಗಿತ್ತು,” ಎಂದಳು ಕಿನಾಲಿಕ್.